ಎಟುಕುವ ಬೆಲೆಯ ಮನೆ: ನೆಲ ಮತ್ತು ಕಾಲದ ಲೆಕ್ಕ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಹಳ್ಳಿಯಲ್ಲಿ ಮನೆ ಕಟ್ಟುವವನಿಗೆ ಕಲ್ಲು, ಮರ, ಹೆಂಚು ಹೊಂದಿಸುವುದು, ಮೇಸ್ತ್ರಿಯನ್ನು ಒಪ್ಪಿಸಿ ಕರೆತರುವುದು, ಮಳೆಗಾಲಕ್ಕೆ ಮುನ್ನ ಮಾಡು ಮುಗಿಸುವುದು ಇವೇ ದೊಡ್ಡ ಕಷ್ಟಗಳಾಗಿದ್ದವು. ಮಹಾನಗರದಲ್ಲಿ ಕಷ್ಟವು ಇದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ. ಕಟ್ಟೋಣವೆಂದರೆ ನೆಲವಿಲ್ಲ, ಕಟ್ಟಿದ್ದನ್ನು ಕೊಳ್ಳೋಣವೆಂದರೆ ಬೆಲೆ ಎಟುಕುವುದಿಲ್ಲ, ಮುಂಗಡ ಕೊಟ್ಟು ಕಾಯೋಣವೆಂದರೆ ಹೇಳಿದ ಕಾಲಕ್ಕೆ ಮನೆ ಕೈಸೇರುವ ಭರವಸೆಯಿಲ್ಲ.

ಹೊರನಾಡ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ಕರಾವಳಿಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದ ಎಷ್ಟೋ ಮಂದಿ ದುಡಿದ ಜಾಗದಲ್ಲೇ ಚಾಪೆ ಹಾಸಿ ಮಲಗಿದವರು. ಗಿರಣಿ ಪ್ರದೇಶದ ಚಾಳುಗಳ ಒಂದೇ ಕೋಣೆಯಲ್ಲಿ ಮೂರು ತಲೆಮಾರುಗಳು ಬಾಳಿವೆ. ಬೊಂಬಾಯಿ ಅಭಿವೃದ್ಧಿ ಇಲಾಖೆಯು 1920ರ ದಶಕದಲ್ಲಿ ಕಟ್ಟಿಸಿದ ಚಾಳುಗಳಲ್ಲಿ ಒಂದು ಕೋಣೆಯ ವಿಸ್ತೀರ್ಣ ಸುಮಾರು 160 ಚದರ ಅಡಿ ಮಾತ್ರ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಗುಳೆ ಹೊರಟ ಕುಟುಂಬಗಳು ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುತ್ತವೆ. ರಾತ್ರಿ ಅವೇ ಕಟ್ಟಡಗಳ ಪಕ್ಕದ ತಗಡಿನ ಜೋಪಡಿಗಳಲ್ಲಿ ತಂಗುತ್ತವೆ. ಮನೆಯ ಬೆಲೆ ಏಕೆ ಏರುತ್ತದೆ, ಅದನ್ನು ಇಳಿಸುವ ದಾರಿಗಳು ಯಾವುವು ಎಂಬ ವಿಚಾರ ಇಂತಹ ಕುಟುಂಬಗಳ ಬಾಳಿಗೆ ನೇರವಾಗಿ ಸಂಬಂಧಿಸಿದ್ದು.

ಕೊರತೆಯ ಸ್ವರೂಪ

ನಗರ ವಸತಿ ಕೊರತೆಯನ್ನು ಅಂದಾಜು ಮಾಡಲು ಕೇಂದ್ರ ಸರ್ಕಾರ ನೇಮಿಸಿದ್ದ ತಾಂತ್ರಿಕ ತಂಡವು, 2012ರಲ್ಲಿ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಲೆಕ್ಕ ಹಾಕಿತು. ಇದರಲ್ಲಿ ಸುಮಾರು ಶೇಕಡಾ 96ರಷ್ಟು ಕೊರತೆ ಆರ್ಥಿಕವಾಗಿ ದುರ್ಬಲರಾದ ವರ್ಗ ಮತ್ತು ಅಲ್ಪ ಆದಾಯ ವರ್ಗಗಳಿಗೆ ಸೇರಿದ್ದು. ಕೊರತೆಯೆಂದರೆ ಇಷ್ಟೂ ಕುಟುಂಬಗಳು ಬೀದಿಯಲ್ಲಿವೆ ಎಂದರ್ಥವಲ್ಲ. ಇವುಗಳಲ್ಲಿ ಬಹುಪಾಲು ಕುಟುಂಬಗಳಿಗೆ ತಲೆಯ ಮೇಲೊಂದು ಸೂರಿದೆ. ಆದರೆ ಅದರ ಕೆಳಗೆ ಇರಬೇಕಾದುದಕ್ಕಿಂತ ಹೆಚ್ಚು ಜನರಿದ್ದಾರೆ. ಮದುವೆಯಾದ ಮಗನಿಗೆ ಬೇರೆ ಕೋಣೆಯಿಲ್ಲದ ಮನೆಯೂ ಈ ಲೆಕ್ಕದಲ್ಲಿ ಬರುತ್ತದೆ.

ಇದೇ ಅವಧಿಯ ಇನ್ನೊಂದು ಸಂಖ್ಯೆಯನ್ನು ಇದರ ಜೊತೆಗಿಟ್ಟು ನೋಡಬೇಕು. 2011ರ ಜನಗಣತಿಯ ಪ್ರಕಾರ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಒಂದು ಕಡೆ ಮನೆಯಿಲ್ಲದ ಜನ, ಇನ್ನೊಂದು ಕಡೆ ಜನರಿಲ್ಲದ ಮನೆ. ಮನೆಗಳನ್ನು ಕಟ್ಟಿದರಷ್ಟೇ ಸಾಲದು. ಅಗತ್ಯವಿರುವವರ ಆದಾಯಕ್ಕೆ ಹೊಂದುವ ಬೆಲೆಯಲ್ಲಿ, ಅವರು ದುಡಿಯುವ ಸ್ಥಳಕ್ಕೆ ಸಮೀಪದಲ್ಲಿ ಕಟ್ಟಬೇಕೆಂಬುದನ್ನು ಈ ಎರಡು ಸಂಖ್ಯೆಗಳು ಒಟ್ಟಾಗಿ ತಿಳಿಸುತ್ತವೆ.

ಬೆಲೆಯ ಒಳಗಿರುವುದೇನು?

ಮನೆಯೊಂದರ ಬೆಲೆಯನ್ನು ಬಿಡಿಸಿ ನೋಡಿದರೆ ಮುಖ್ಯವಾಗಿ ಮೂರು ಅಂಶಗಳು ಕಾಣಸಿಗುತ್ತವೆ. ಮೊದಲನೆಯದು ನೆಲದ ಬೆಲೆ. ಎರಡನೆಯದು ಸಿಮೆಂಟು, ಕಬ್ಬಿಣ, ಇಟ್ಟಿಗೆ ಮತ್ತು ಕೂಲಿಯ ವೆಚ್ಚ. ಮೂರನೆಯದು ಕಾಲದ ಬೆಲೆ, ಅಂದರೆ ನೆಲ ಕೊಂಡ ದಿನದಿಂದ ಬೀಗದ ಕೈ ಕೊಡುವ ದಿನದವರೆಗೆ ಹೂಡಿದ ಹಣದ ಮೇಲೆ ಬೆಳೆಯುವ ಬಡ್ಡಿ. ಶುಲ್ಕ, ತೆರಿಗೆ ಮತ್ತು ಲಾಭ ಇವುಗಳ ಮೇಲೆ ಸೇರುತ್ತವೆ.

ಕಟ್ಟಡದ ಖರ್ಚನ್ನು ಇಳಿಸಿದರೆ ಮನೆಯ ಬೆಲೆ ತಾನಾಗಿ ಇಳಿಯುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನೆಲದ ಅಭಾವವಿರುವ ನಗರದಲ್ಲಿ ಹಾಗಾಗುವುದಿಲ್ಲ. ಉದಾಹರಣೆಗೆ, ಒಂದು ಬಡಾವಣೆಯಲ್ಲಿ ಮನೆಯೊಂದು 50 ಲಕ್ಷ ರೂಪಾಯಿಗೆ ಮಾರಾಟವಾಗುತ್ತದೆಯೆಂದು ಭಾವಿಸೋಣ. ಹೊಸ ವಿಧಾನದಿಂದ ಕಟ್ಟಡದ ಖರ್ಚಿನಲ್ಲಿ 5 ಲಕ್ಷ ಉಳಿಯಿತು. ಮನೆಗಾಗಿ ಕಾದಿರುವವರು ಬಹಳ, ಮನೆಗಳು ಕೆಲವೇ. ಆದುದರಿಂದ ಮಾರಾಟದ ಬೆಲೆ 50 ಲಕ್ಷವಾಗಿಯೇ ನಿಲ್ಲುತ್ತದೆ. ಮುಂದಿನ ಬಾರಿ ನೆಲ ಕೊಳ್ಳಲು ಹೋದಾಗ ಈ ಉಳಿತಾಯದ ಸುಳಿವು ನೆಲದೊಡೆಯನಿಗೂ ಸಿಕ್ಕಿರುತ್ತದೆ; ಹಲವು ಮಂದಿ ನಿರ್ಮಾಪಕರು ಅದೇ ನೆಲಕ್ಕೆ ಪೈಪೋಟಿ ನಡೆಸುವಾಗ ಉಳಿದ 5 ಲಕ್ಷ ಅವನ ಪಾಲಾಗುತ್ತದೆ. ಇಂಜಿನಿಯರರ ಜಾಣ್ಮೆಯ ಫಲ ಮನೆ ಕೊಳ್ಳುವವನಿಗೆ ತಲುಪುವುದೇ ಇಲ್ಲ.

ಸಾಲದ ಬಡ್ಡಿಯಲ್ಲಿ ನೀಡುವ ರಿಯಾಯಿತಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಳ್ಳುವವರ ಕೈಗೆ ಹಣ ಬಂದು, ನೆಲ ಮಾತ್ರ ಮೊದಲಿನಷ್ಟೇ ಉಳಿದರೆ ಏರುವುದು ಬೆಲೆಯೇ. ಆದುದರಿಂದ ನೆಲವನ್ನು ಸುಲಭಗೊಳಿಸುವುದು, ಬೇಗ ಕಟ್ಟುವುದು ಇವೆರಡೂ ಒಂದೇ ಬಂಡಿಯ ಎರಡು ಗಾಲಿಗಳು. ಒಂದನ್ನು ಮಾತ್ರ ಉರುಳಿಸಿದರೆ ಬಂಡಿ ಇದ್ದಲ್ಲೇ ಸುತ್ತುತ್ತದೆ.

ನೆಲದ ಪಾಠಗಳು

ನಗರದ ನೆಲವು ಕೆಲವರ ಕೈಯಲ್ಲೇ ಸೇರಬಾರದೆಂಬ ಉದ್ದೇಶದಿಂದ 1976ರಲ್ಲಿ ನಗರ ಭೂಮಿತಿ ಕಾನೂನು ಜಾರಿಗೆ ಬಂದಿತು. ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸು ನಗರಗಳಲ್ಲಿ ಖಾಲಿ ನೆಲದ ಮಿತಿಯನ್ನು 500 ಚದರ ಮೀಟರುಗಳೆಂದೂ, ಬೆಂಗಳೂರು, ಹೈದರಾಬಾದು, ಪುಣೆಗಳಂತಹ ನಗರಗಳಲ್ಲಿ 1,000 ಚದರ ಮೀಟರುಗಳೆಂದೂ ನಿಗದಿಪಡಿಸಲಾಯಿತು. ಹೆಚ್ಚುವರಿ ನೆಲವನ್ನು ವಶಪಡಿಸಿಕೊಂಡು ಬಡವರಿಗೆ ಮನೆ ಕಟ್ಟಿಸಬೇಕೆಂಬುದು ಆಶಯವಾಗಿತ್ತು. ನಡೆದದ್ದು ಬೇರೆ. ಹೆಚ್ಚುವರಿಯೆಂದು ಅಂದಾಜಾಗಿದ್ದ ಸುಮಾರು 2 ಲಕ್ಷ 20 ಸಾವಿರ ಹೆಕ್ಟೇರುಗಳಲ್ಲಿ ಹತ್ತರಲ್ಲೊಂದು ಪಾಲೂ ಸರ್ಕಾರಗಳ ಕೈಗೆ ಬರಲಿಲ್ಲ. ಉಳಿದ ನೆಲ ವಿನಾಯಿತಿಗಳಲ್ಲಿ, ಕೋರ್ಟು ಕಚೇರಿಗಳಲ್ಲಿ ಸಿಕ್ಕಿಕೊಂಡು, ಯಾರೂ ಕಟ್ಟಲಾಗದ ಬಂಜರಾಯಿತು. ಸಂಸತ್ತು 1999ರಲ್ಲಿ ಈ ಕಾನೂನನ್ನು ರದ್ದುಗೊಳಿಸಿತು. ಕರ್ನಾಟಕವು ಅದೇ ವರ್ಷ ಈ ರದ್ದತಿಯನ್ನು ಅಂಗೀಕರಿಸಿದರೆ, ಮಹಾರಾಷ್ಟ್ರ ಅಂಗೀಕರಿಸಿದ್ದು 2007ರಲ್ಲಿ. ಉದ್ದೇಶ ಒಳ್ಳೆಯದಾದರೂ ನೆಲವನ್ನು ಬಳಕೆಗೆ ತರದೆ ಹಿಡಿದಿಡುವ ಕಾನೂನು ಬೆಲೆಯನ್ನು ಇಳಿಸಲಾರದೆಂಬುದು ಇದರಿಂದ ದೊರೆತ ಪಾಠ.

ಇದಕ್ಕೆ ಪ್ರತಿಯಾಗಿ ಮದರಾಸಿನಲ್ಲಿ 1977ರಿಂದ ವಿಶ್ವಬ್ಯಾಂಕಿನ ನೆರವಿನೊಡನೆ ಬೇರೊಂದು ದಾರಿಯನ್ನು ಹಿಡಿಯಲಾಯಿತು. ಅರುಂಬಾಕ್ಕಂ, ವಿಲ್ಲಿವಾಕ್ಕಂ ಮುಂತಾದೆಡೆ ಪೂರ್ಣ ಮನೆಯ ಬದಲು ರಸ್ತೆ, ನೀರು, ಒಳಚರಂಡಿಗಳಿರುವ ಸಣ್ಣ ನಿವೇಶನಗಳನ್ನು ಸಿದ್ಧಪಡಿಸಿ ಹಂಚಲಾಯಿತು. ದೊಡ್ಡ ನಿವೇಶನಗಳನ್ನು ಹೆಚ್ಚಿನ ಬೆಲೆಗೆ ಮಾರಿ, ಬಂದ ಹಣದಿಂದ ಸಣ್ಣ ನಿವೇಶನಗಳ ಬೆಲೆಯನ್ನು ತಗ್ಗಿಸಲಾಯಿತು. ಮೊದಲ ವರ್ಷ ಒಂದು ಕೋಣೆ, ಮಗಳ ಮದುವೆಯ ಹೊತ್ತಿಗೆ ಇನ್ನೊಂದು, ಮಗ ದುಡಿಯತೊಡಗಿದ ಮೇಲೆ ಮಹಡಿ ಎಂಬಂತೆ ಕುಟುಂಬಗಳು ತಮ್ಮ ಶಕ್ತಿಗೆ ತಕ್ಕಂತೆ ಕಟ್ಟಿಕೊಳ್ಳಲು ಇದು ಅವಕಾಶ ನೀಡಿತು. 2015ರಲ್ಲಿ ಮೆಟ್ರೋ ರೈಲು ಬಂದಾಗ ಅರುಂಬಾಕ್ಕಂನಲ್ಲಿಯೂ ಒಂದು ನಿಲ್ದಾಣ ತೆರೆಯಿತು. ಇಂದೋರಿನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ರೂಪಿಸಿದ ಅರಣ್ಯ ಬಡಾವಣೆಯೂ ಇದೇ ತತ್ತ್ವದ್ದು. ಪಾಯ, ಶೌಚಾಲಯ ಮತ್ತು ನೀರಿನ ಸಂಪರ್ಕ ಯೋಜನೆಯದು. ಮೇಲಿನ ಮನೆ ಕುಟುಂಬದ್ದು. ಈ ಬಡಾವಣೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಹೊಸ ನೆಲವನ್ನು ನಗರಕ್ಕೆ ಸೇರಿಸುವ ಮತ್ತೊಂದು ವಿಧಾನ ನಗರ ಯೋಜನಾ ಸ್ಕೀಮು. ಇದರ ಬೇರು 1915ರ ಬೊಂಬಾಯಿ ಪ್ರಾಂತದ ಕಾನೂನಿನಲ್ಲಿದೆ; ಧಾರವಾಡ, ಬೆಳಗಾವಿ, ವಿಜಯಪುರಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದವು. ಮುಂಬಯಿಯ ಬಾಂದ್ರಾ, ಸಾಂತಾಕ್ರೂಜ್ ಮೊದಲಾದ ಭಾಗಗಳು ಬೆಳೆದದ್ದು ಇಂತಹ ಸ್ಕೀಮುಗಳಿಂದ. ಗುಜರಾತು ತನ್ನ 1976ರ ಕಾನೂನಿನ ಮೂಲಕ ಇದನ್ನು ಇಂದಿಗೂ ಬಳಸುತ್ತಿದೆ. ಅಡ್ಡಾದಿಡ್ಡಿಯಾಗಿರುವ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ, ಉದ್ಯಾನ, ಶಾಲೆಗಳಿಗೆ ಒಂದು ಪಾಲನ್ನು ತೆಗೆದು, ಉಳಿದುದನ್ನು ಅಂದವಾದ ನಿವೇಶನಗಳನ್ನಾಗಿ ಮಾಡಿ ಮೂಲ ಒಡೆಯರಿಗೇ ಹಿಂದಿರುಗಿಸಲಾಗುತ್ತದೆ. ದುರ್ಬಲ ವರ್ಗದವರ ಮನೆಗಳಿಗಾಗಿ ಶೇಕಡಾ 10ರವರೆಗೆ ನೆಲವನ್ನು ಕಾಯ್ದಿರಿಸಲು ಕಾನೂನಿನಲ್ಲಿ ಅವಕಾಶವಿದೆ. ರೈತನ ನೆಲದ ವಿಸ್ತೀರ್ಣ ಕಡಿಮೆಯಾದರೂ ರಸ್ತೆ ಬಂದುದರಿಂದ ಅದರ ಬೆಲೆ ಹೆಚ್ಚುತ್ತದೆ. ಸರ್ಕಾರವು ಅಪಾರ ಪರಿಹಾರಧನವನ್ನು ಹೊಂದಿಸಬೇಕಾದ ಭಾರ ತಪ್ಪುತ್ತದೆ. ಅಹಮದಾಬಾದಿನ 76 ಕಿಲೋಮೀಟರು ಉದ್ದದ ವರ್ತುಲ ರಸ್ತೆಗೆ ನೆಲ ದೊರೆತದ್ದು ಬಹುಮಟ್ಟಿಗೆ ಈ ವಿಧಾನದಿಂದಲೇ.

ನೆಲವನ್ನು ಮೇಲಕ್ಕೆ ಬಳಸುವುದೂ ಉಂಟು. ನಿವೇಶನದ ವಿಸ್ತೀರ್ಣಕ್ಕೆ ಹೋಲಿಸಿ ಎಷ್ಟು ಕಟ್ಟಡ ಕಟ್ಟಬಹುದೆಂಬ ಮಿತಿಗೆ ಎಫ್.ಎಸ್.ಐ. ಎನ್ನುತ್ತಾರೆ. 1991ರ ನಿಯಮಾವಳಿಯು ಮುಂಬಯಿಯ ದ್ವೀಪನಗರಕ್ಕೆ 1.33, ಉಪನಗರಗಳಿಗೆ 1 ಎಂಬ ಮೂಲಮಿತಿಯನ್ನು ಹಾಕಿತ್ತು. 2018ರಲ್ಲಿ ಜಾರಿಗೆ ಬಂದ ನಿಯಮಾವಳಿ ರಸ್ತೆಯ ಅಗಲವನ್ನು ನೋಡಿ ಹೆಚ್ಚಿನ ಕಟ್ಟಡಕ್ಕೆ ಅವಕಾಶ ನೀಡಿತು. 1 ಕೋಟಿ ರೂಪಾಯಿಯ ನಿವೇಶನದಲ್ಲಿ 10 ಮನೆಗಳಾದರೆ ಒಂದೊಂದರ ಮೇಲೆ ಬೀಳುವ ನೆಲದ ಬೆಲೆ 10 ಲಕ್ಷ. 20 ಮನೆಗಳಾದರೆ 5 ಲಕ್ಷ. ಆದರೆ ಈ ಅವಕಾಶವನ್ನು ಒಂದೆರಡು ಕಡೆ ಮಾತ್ರ ನೀಡಿದರೆ ಅಲ್ಲಿಯ ನೆಲದ ಬೆಲೆಯೇ ಎರಡು ಪಟ್ಟಾಗಬಹುದು. ನಗರದ ಬಹುಭಾಗಕ್ಕೆ ಅನ್ವಯಿಸಿ, ನೀರು, ಚರಂಡಿ, ಸಾರಿಗೆಗಳನ್ನು ಜೊತೆಯಲ್ಲೇ ಹೆಚ್ಚಿಸಿದಾಗ ಮಾತ್ರ ಕೊಳ್ಳುವವನಿಗೆ ಲಾಭ.

ದೂರವೂ ಒಂದು ಬೆಲೆ

ಅಗ್ಗದ ನೆಲ ಬೇಕೆಂದು ಊರಿನಿಂದ ಬಹುದೂರ ಹೋದರೆ ಲೆಕ್ಕ ತಪ್ಪುತ್ತದೆ. ಮನೆಗೆಲಸಕ್ಕೆ ಹೋಗುವ ಹೆಂಗಸು ಎರಡು ಬಸ್ಸು ಬದಲಿಸಿ ಕೆಲಸದ ಮನೆ ತಲುಪಬೇಕಾದರೆ, ಕಂತಿನಲ್ಲಿ ಉಳಿದ ಹಣ ಟಿಕೇಟಿಗೆ ಹೋಗುತ್ತದೆ. ಮಕ್ಕಳನ್ನು ನೋಡಿಕೊಳ್ಳಬೇಕಾದ ಹೊತ್ತು ರಸ್ತೆಯಲ್ಲಿ ಕಳೆಯುತ್ತದೆ. ಅನೇಕ ಕಡೆ ಊರಾಚೆ ಮನೆ ಪಡೆದವರು ಅದನ್ನು ಬಿಟ್ಟು ಹಳೆಯ ಕೊಳೆಗೇರಿಗೇ ಹಿಂದಿರುಗಿದ್ದಕ್ಕೆ ಸೋಮಾರಿತನವಾಗಲಿ ಕೃತಘ್ನತೆಯಾಗಲಿ ಕಾರಣವಲ್ಲ. ದುಡಿಮೆ ಹಳೆಯ ಜಾಗದಲ್ಲೇ ಉಳಿದಿತ್ತು. ನೆಲದ ಬೆಲೆಗೆ ಪ್ರಯಾಣದ ಖರ್ಚನ್ನೂ ಸೇರಿಸಿ ನೋಡುವುದು ನ್ಯಾಯವಾದ ಲೆಕ್ಕ. ರೈಲು ನಿಲ್ದಾಣಗಳ ಸಮೀಪದಲ್ಲಿರುವ ಸರ್ಕಾರಿ ನೆಲ, ಮುಚ್ಚಿಹೋದ ಕಾರ್ಖಾನೆಗಳ ನೆಲ ಇವುಗಳಲ್ಲಿ ಅಲ್ಪ ಆದಾಯದವರಿಗೆ ಪಾಲಿರಬೇಕೆಂಬ ವಾದಕ್ಕೆ ಇದೇ ಆಧಾರ.

ಕಾಲವೆಂಬ ಖರ್ಚು

ನೆಲ ದೊರೆತ ಮೇಲೆ ಬರುವುದು ಕಾಲದ ಪ್ರಶ್ನೆ. ಶೇಕಡಾ 12ರ ಚಕ್ರಬಡ್ಡಿಯಲ್ಲಿ 1 ಕೋಟಿ ರೂಪಾಯಿ ಸಾಲ ತಂದು ನೆಲ ಕೊಂಡರೆ, ಎರಡು ವರ್ಷಗಳಲ್ಲಿ ಬಡ್ಡಿ ಸುಮಾರು 25 ಲಕ್ಷವಾಗುತ್ತದೆ; ಐದು ವರ್ಷಗಳಾದರೆ ಸುಮಾರು 76 ಲಕ್ಷ. ಈ ವ್ಯತ್ಯಾಸದ 51 ಲಕ್ಷ ರೂಪಾಯಿಗಳಿಂದ ಒಂದು ಇಟ್ಟಿಗೆಯೂ ಹೆಚ್ಚಾಗುವುದಿಲ್ಲ. ಆದರೂ ಅದನ್ನು ತೆರುವವರು ಕೊನೆಗೆ ಮನೆ ಕೊಳ್ಳುವವರೇ. ಅದರ ಮೇಲೆ, ಮನೆ ಮುಗಿಯುವವರೆಗೆ ಅವರು ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಕಟ್ಟಬೇಕು. ದೆಹಲಿಯಲ್ಲಿ 1981ರ ರೋಹಿಣಿ ಯೋಜನೆಯಡಿ ಹೆಸರು ನೋಂದಾಯಿಸಿದವರಲ್ಲಿ ಅನೇಕರು ನಿವೇಶನಕ್ಕಾಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾದರು. ತಾಯಿತಂದೆಯರು ಬರೆಸಿದ ಹೆಸರಿನ ನಿವೇಶನಕ್ಕೆ ಮಕ್ಕಳು ವಾರಸುದಾರರಾಗಬೇಕಾಯಿತು.

ವಿಳಂಬದ ಒಂದು ಭಾಗ ಕಟ್ಟಡ ಏಳುವುದಕ್ಕೆ ಮುಂಚೆಯೇ, ಪರವಾನಗಿಯ ಮೇಜಿನ ಮೇಲೆ ಆಗುತ್ತದೆ. ತೆಲಂಗಾಣವು 2020ರಲ್ಲಿ ತಂದ ಕಾನೂನು ಈ ವಿಷಯದಲ್ಲಿ ಗಮನಾರ್ಹ. ಅದರ ಪ್ರಕಾರ 75 ಚದರ ಗಜದವರೆಗಿನ ನಿವೇಶನದಲ್ಲಿ ಸಣ್ಣ ಮನೆ ಕಟ್ಟಲು ಪರವಾನಗಿಯೇ ಬೇಡ, 1 ರೂಪಾಯಿ ಶುಲ್ಕದ ನೋಂದಣಿ ಸಾಕು. 600 ಚದರ ಗಜದವರೆಗೆ ಮಾಲೀಕನ ಸ್ವಯಂ ದೃಢೀಕರಣದ ಮೇಲೆ ಕೂಡಲೇ ಒಪ್ಪಿಗೆ. ಅದಕ್ಕೂ ದೊಡ್ಡ ಕಟ್ಟಡಗಳಿಗೆ 21 ದಿನಗಳ ಗಡುವು. ಸುಳ್ಳು ಹೇಳಿಕೆ ಕೊಟ್ಟವರಿಗೆ ದಂಡನೆ. ಪ್ರಾಮಾಣಿಕನನ್ನು ಕಾಯಿಸುವುದರ ಬದಲು ಅಪ್ರಾಮಾಣಿಕನನ್ನು ಶಿಕ್ಷಿಸುವ ನೀತಿ ಇದು. ಕಟ್ಟಡ ಆರಂಭವಾದ ಮೇಲಿನ ವಿಳಂಬಕ್ಕೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾನೂನು, ಜನರ ಮಾತಿನಲ್ಲಿ 'ರೇರಾ', ಒಂದು ಕಡಿವಾಣ. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಯ ನೆಲ ಮತ್ತು ಕಟ್ಟಡದ ವೆಚ್ಚಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು. ಒಬ್ಬರ ಮನೆಯ ಹಣದಿಂದ ಇನ್ನೊಂದು ಕಡೆ ನೆಲ ಕೊಳ್ಳುವುದಕ್ಕೆ ಇದು ತಡೆ.

ಬೇಗ ಕಟ್ಟುವ ಬಗೆ

ಕಾರ್ಖಾನೆಯಲ್ಲಿ ಮನೆ ತಯಾರಿಸುವ ಕನಸು ಭಾರತಕ್ಕೆ ಹೊಸದಲ್ಲ. ದೇಶವಿಭಜನೆಯ ನಂತರ ನಿರಾಶ್ರಿತರಿಗೆ ಬೇಗ ಮನೆ ಒದಗಿಸಲು ದೆಹಲಿಯಲ್ಲಿ ಸರ್ಕಾರಿ ವಸತಿ ಕಾರ್ಖಾನೆಯೊಂದನ್ನು ಸ್ಥಾಪಿಸಲಾಯಿತು. ಮೊದಲು ತಯಾರಿಸಿದ ಫಲಕಗಳು ಗಟ್ಟಿಯಾಗಿ ನಿಲ್ಲದೆ ಆ ಪ್ರಯತ್ನ ಹಿನ್ನಡೆ ಕಂಡಿತು. ಪರೀಕ್ಷೆಯಿಲ್ಲದ ಅವಸರ ಕೊನೆಗೆ ನಷ್ಟವೇ ಎಂಬುದು ಆಗಲೇ ತಿಳಿದುಬಂದ ಸಂಗತಿ.

ರೂಢಿಯ ವಿಧಾನದಲ್ಲಿ ಚಾವಣಿಗೆ ಕಾಂಕ್ರೀಟು ಹಾಕಿದ ಮೇಲೆ ಅದು ಬಲಿಯುವವರೆಗೆ ಊರೆಗಳನ್ನು ತೆಗೆಯುವಂತಿಲ್ಲ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಸಿಮೆಂಟಿನಿಂದ ಹಾಕಿದ, 4.5 ಮೀಟರಿನೊಳಗಿನ ಚಾವಣಿಗೆ 7 ದಿನ, ಅದಕ್ಕೂ ಅಗಲವಾದುದಕ್ಕೆ 14 ದಿನ ಊರೆಗಳಿರಬೇಕು. ಅನಂತರ ಗೋಡೆ, ಗಾರೆ, ಕೊಳವೆ, ತಂತಿ ಒಂದರ ಹಿಂದೊಂದು. ಹೊಸ ವಿಧಾನಗಳು ಈ ಸಾಲನ್ನು ಮೊಟಕುಗೊಳಿಸುತ್ತವೆ. ಅಲ್ಯೂಮಿನಿಯಂ ಅಚ್ಚುಗಳನ್ನು ಜೋಡಿಸಿ ಗೋಡೆ ಮತ್ತು ಚಾವಣಿಗಳನ್ನು ಒಮ್ಮೆಲೇ ಕಾಂಕ್ರೀಟಿನಲ್ಲಿ ಎರೆದರೆ ಗೋಡೆಗೆ ಇಟ್ಟಿಗೆ ಬೇಡ, ಗಾರೆಯ ಕೆಲಸವೂ ಬಹುತೇಕ ಉಳಿಯುತ್ತದೆ. ಇನ್ನೊಂದು ವಿಧಾನದಲ್ಲಿ ಗೋಡೆ, ತೊಲೆ, ಚಾವಣಿಗಳನ್ನು ಅಂಗಳದಲ್ಲಿ ಮೊದಲೇ ಎರಕ ಹೊಯ್ದು, ಕ್ರೇನಿನಿಂದ ಎತ್ತಿ ಜೋಡಿಸಲಾಗುತ್ತದೆ. ಪಾಯ ಸಿದ್ಧವಾಗುತ್ತಿರುವಾಗಲೇ ಗೋಡೆಗಳೂ ಸಿದ್ಧವಾಗುತ್ತವೆ.

ಕೇಂದ್ರ ಸರ್ಕಾರವು ಆರು ನಗರಗಳಲ್ಲಿ 'ಲೈಟ್ ಹೌಸ್' ಎಂಬ ಹೆಸರಿನಿಂದ ಆರು ಬಗೆಯ ತಂತ್ರಗಳನ್ನು ಪ್ರಯೋಗಕ್ಕಿಟ್ಟಿತು. ಚೆನ್ನೈಯ ಪೆರುಂಬಾಕ್ಕಂನಲ್ಲಿ 1,152 ಮನೆಗಳಿಗೆ 2021ರ ಜನವರಿ 1ರಂದು ಶಂಕುಸ್ಥಾಪನೆಯಾಯಿತು. 2022ರ ಮೇ 26ರಂದು ಅವು ಉದ್ಘಾಟನೆಗೊಂಡವು. ಕೋವಿಡಿನ ಎರಡನೆಯ ಅಲೆಯ ನಡುವೆಯೂ ಹದಿನೇಳು ತಿಂಗಳೊಳಗೆ ಕೆಲಸ ಮುಗಿಯಿತು. ಒಟ್ಟು ವೆಚ್ಚ ಸುಮಾರು 116 ಕೋಟಿ ರೂಪಾಯಿ, ಎಂದರೆ ಮನೆಯೊಂದಕ್ಕೆ ಸುಮಾರು 10 ಲಕ್ಷ. ಇಲ್ಲಿ ಮರೆಯಬಾರದ ಸಂಗತಿಯೆಂದರೆ ನೆಲವನ್ನು ರಾಜ್ಯವೇ ತಂಟೆ ತಕರಾರಿಲ್ಲದೆ ಒದಗಿಸಿತ್ತು. ನೆಲ ಸಿದ್ಧವಿದ್ದುದರಿಂದಲೇ ತಂತ್ರದ ವೇಗ ಫಲ ಕೊಟ್ಟಿತು.

ಈ ಯಂತ್ರಗಳು ಎಲ್ಲೆಡೆಯೂ ಹೊಂದುವುದಿಲ್ಲ. ಅಚ್ಚುಗಳ ಬೆಲೆ ಹೆಚ್ಚು. ಒಂದೇ ಮಾದರಿಯ ನೂರಾರು ಮನೆಗಳಿದ್ದಾಗ ಮಾತ್ರ ಅದು ಹಂಚಿಹೋಗುತ್ತದೆ. ತನ್ನ ಪುಟ್ಟ ನಿವೇಶನದಲ್ಲಿ ಒಂದಂತಸ್ತಿನ ಮನೆ ಕಟ್ಟುವವನಿಗೆ ಬೇರೆ ದಾರಿಗಳಿವೆ. ಕೇರಳದಲ್ಲಿ ಲಾರಿ ಬೇಕರ್ ಅವರು ಬಳಕೆಗೆ ತಂದ ಇಟ್ಟಿಗೆಯ ನಡುವೆ ಪೊಳ್ಳು ಬಿಡುವ ಕಟ್ಟಣೆಯಿಂದ ಸುಮಾರು ನಾಲ್ಕನೆಯ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ, ಗೋಡೆ ತಂಪಾಗಿಯೂ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ತಯಾರಿಸುವ, ಸುಡುವ ಅಗತ್ಯವಿಲ್ಲದ ಇಟ್ಟಿಗೆಯನ್ನು ಬೆಳೆಸಿತು. ವೇಗ ಬೇಕಾದಲ್ಲಿ ವೇಗ, ಮಿತವ್ಯಯ ಬೇಕಾದಲ್ಲಿ ಮಿತವ್ಯಯ ಎಂಬ ವಿವೇಚನೆ ಅಗತ್ಯ.

ಗಟ್ಟಿತನ ಮತ್ತು ಕಟ್ಟುವ ಕೈ

ಬೇಗ ಕಟ್ಟಿದ ಮನೆ ಬೇಗ ಸೋರತೊಡಗಿದರೆ ಉಳಿಸಿದ ಕಾಲವೂ ಹಣವೂ ರಿಪೇರಿಗೆ ಹೋಗುತ್ತದೆ. ಮೊದಲೇ ಎರಕ ಹೊಯ್ದ ತುಂಡುಗಳು ಸೇರುವ ಸಂದುಗಳಲ್ಲಿ ಮಳೆನೀರು ಇಳಿಯದಂತೆ, ಭೂಕಂಪಕ್ಕೆ ಅವು ಬಿಡಿಸಿಕೊಳ್ಳದಂತೆ ನೋಡಿಕೊಳ್ಳುವುದು ನುರಿತ ಕೈಗಳ ಕೆಲಸ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾನೂನು ಬಂದಿತು; ಕಟ್ಟಡದ ವೆಚ್ಚದ ಮೇಲೆ ಸೆಸ್ ಸಂಗ್ರಹಿಸಿ ಅವರ ಕಲ್ಯಾಣಕ್ಕೆ ಬಳಸಬೇಕೆಂಬ ವ್ಯವಸ್ಥೆಯೂ ಆಗ ರೂಪುಗೊಂಡಿತು. ಗುಳೆ ಬಂದ ಕಾರ್ಮಿಕನಿಗೆ ಹೊಸ ವಿಧಾನದಲ್ಲಿ ತರಬೇತಿ ಸಿಕ್ಕರೆ ಅವನ ಕೂಲಿ ಹೆಚ್ಚುತ್ತದೆ, ಮನೆಯೂ ಗಟ್ಟಿಯಾಗುತ್ತದೆ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗವು 2015ರ ಜೂನಿನಲ್ಲಿ ಆರಂಭವಾಯಿತು. 2024ರಲ್ಲಿ ಅದರ ಎರಡನೆಯ ಹಂತಕ್ಕೆ ಐದು ವರ್ಷಗಳಲ್ಲಿ 1 ಕೋಟಿ ಕುಟುಂಬಗಳ ಗುರಿಯನ್ನು ಇರಿಸಲಾಯಿತು. ಹಣದ ನೆರವು ಕೇಂದ್ರದಿಂದ ಬರಬಹುದು. ನೆಲ, ನಿಯಮ, ನೀರು, ರಸ್ತೆಗಳು ರಾಜ್ಯಗಳ ಮತ್ತು ನಗರಸಭೆಗಳ ಕೈಯಲ್ಲಿವೆ. ಇವು ಒಂದಕ್ಕೊಂದು ಕೂಡಿಬಂದಲ್ಲಿ ಮಾತ್ರ ನೆರವಿನ ಹಣ ನೆಲದ ಬೆಲೆಯಲ್ಲಿ ಕರಗಿಹೋಗದೆ ಮನೆಯಾಗಿ ನಿಲ್ಲುತ್ತದೆ.

ನಾಗರಿಕರಿಗೂ ಇದರಲ್ಲಿ ಪಾತ್ರವಿದೆ. ಮುಂಗಡ ಕೊಡುವ ಮುನ್ನ ಯೋಜನೆಯು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ನೆಲದ ದಾಖಲೆ ಸ್ವಚ್ಛವಾಗಿದೆಯೇ, ಮುಗಿಸುವ ದಿನಾಂಕ ಯಾವುದು ಎಂದು ನೋಡುವುದು ಮೊದಲ ಹೆಜ್ಜೆ. ತಮ್ಮ ಬಡಾವಣೆಯ ಪಕ್ಕದಲ್ಲಿ ಅಲ್ಪ ಆದಾಯದವರಿಗೆ ಮನೆಗಳು ಬರುವಾಗ ತಕರಾರು ಹೂಡದಿರುವುದು ಎರಡನೆಯದು. ಬೆಳಿಗ್ಗೆ ಹಾಲು ಹಾಕುವವನೂ ರಾತ್ರಿ ಕಾವಲು ಕಾಯುವವನೂ ಬೇಕು, ಅವರ ಮನೆ ಮಾತ್ರ ಹತ್ತಿರ ಬೇಡ ಎಂಬ ಭಾವನೆಯೂ ನೆಲದ ಬೆಲೆಯನ್ನು ಏರಿಸುವ ಕಾರಣಗಳಲ್ಲೊಂದು.

ಮನೆ ಕಟ್ಟಿ ನೋಡು ಎಂಬ ಗಾದೆ ಕಷ್ಟವನ್ನು ನೆನಪಿಸುತ್ತದೆ, ಆದರೆ ಕಟ್ಟಬೇಡವೆನ್ನುವುದಿಲ್ಲ. ಕಲ್ಲು ಮಣ್ಣುಗಳ ಕಷ್ಟವನ್ನು ಹಿಂದಿನವರು ಊರೊಟ್ಟಿನ ನೆರವಿನಿಂದ ಗೆದ್ದರು. ನೆಲ ಮತ್ತು ಕಾಲದ ಕಷ್ಟವನ್ನೂ ಒಬ್ಬೊಬ್ಬರಾಗಿ ಗೆಲ್ಲಲಾಗದು. ಊರು ಒಟ್ಟಾಗಿಯೇ ಗೆಲ್ಲಬೇಕು.